ನಡುಮನೆ ಪ್ಯಾಸೆಂಜರ್

ಮನೆಯೊಳಗೆ ರೈಲು ಇಟ್ಟುಕೊಂಡವರು ನಗೆಪಾಟಲಾಗಲು ಬೀದಿಗೆ ಹೋಗಬೇಕಾಗಿಲ್ಲ. ಪೇಚು ತಾನಾಗಿಯೇ ಹೊಸ್ತಿಲು ದಾಟಿ ಒಳಗೆ ಬರುತ್ತದೆ, ಕಾಫಿ ಕುಡಿದು ಹೋಗುತ್ತದೆ, ಮುಂದಿನ ವಾರ ಹೇಳದೆ ಕೇಳದೆ ಮತ್ತೆ ಬರುತ್ತದೆ. ಅರವತ್ತರ ದಶಕ ಶುರುವಾದ ಹೊಸದರಲ್ಲಿ, ನಾವು ಮೈಸೂರಿನ ಚಾಮುಂಡಿಪುರಂನಲ್ಲಿ ಬಾಡಿಗೆಗಿದ್ದಾಗ, ನಮ್ಮ ಮನೆಗೆ ಅದು ಖಾಯಂ ನೆಂಟ.

ನಾನು ಆಗ ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಮನೆಯಲ್ಲಿ ನಾನು, ಹೆಂಡತಿ, ನನ್ನ ತಂಗಿ, ಮೂರೇ ಜನ. ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ತಂಗಿ ಇಲವಾಲದ ಮನೆ ಬಿಟ್ಟು ನಮ್ಮ ಜೊತೆಗೇ ಬಂದಿದ್ದಳು. ಅವಳಿಗೊಂದು ಒಳ್ಳೆಯ ಕಡೆ ಮದುವೆ ಮಾಡಬೇಕು ಅನ್ನುವುದೊಂದೇ ನನ್ನ ಚಿಂತೆ. ಅವಳ ಚಿಂತೆ ಬೇರೆ ಇತ್ತು. ಅದನ್ನೇ ಹೇಳಲು ಹೊರಟಿದ್ದೇನೆ.

ಮೇಜು ತರಲು ಹೋದದ್ದು

ಸ್ವದೇಶಕ್ಕೆ ಹೊರಟಿದ್ದ ಇಂಗ್ಲಿಷ್ ದಂಪತಿಯ ಬಂಗಲೆಯಲ್ಲಿ ಸಾಮಾನು ಹರಾಜು ಅಂತ ಸುದ್ದಿ ಬಂತು. ಅಲ್ಲೊಂದು ತೇಗದ ಮೇಜು ಇದೆ, ಮನೆಯಲ್ಲಿ ನಕ್ಷೆ ಬರೆಯಲು ಹೇಳಿ ಮಾಡಿಸಿದ ಹಾಗಿದೆ ಅಂತ ಕಚೇರಿಯ ಗೆಳೆಯರು ಹೇಳಿದರು. ಹೋದೆ. ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಕೂತಿತ್ತು. ಹರಾಜಿನವನು ಆ ಕಡೆ ಕೈ ತೋರಿಸಿ ಕೂಗಿದ. ನಾನು ಕೈ ಎತ್ತಿದೆ. ಬೇರೆ ಯಾರೂ ಎತ್ತಲಿಲ್ಲ. ಇಷ್ಟು ಸಲೀಸಾಗಿ ಮೇಜು ಸಿಕ್ಕಿತಲ್ಲ ಅಂತ ಹಿಗ್ಗುತ್ತಾ ಎತ್ತಿಕೊಳ್ಳಲು ಹೋದರೆ ಹರಾಜಿನವನು ತಡೆದ. "ಮೇಜು ಮುಟ್ಬೇಡಿ ಸ್ವಾಮಿ, ಅದು ಆಮೇಲೆ. ನೀವು ತಗೊಂಡಿದ್ದು ಪೆಟ್ಟಿಗೆ."

ಮನೆಯಲ್ಲಿ ಹೆಂಡತಿ ಮೇಜಿಗಾಗಿ ನಡುಮನೆಯ ಮೂಲೆ ಗುಡಿಸಿ, ಒರೆಸಿ, ಕಾದಿದ್ದಳು. ನಾನು ಪೆಟ್ಟಿಗೆ ಇಳಿಸಿದೆ. ತಂಗಿ ಮುಚ್ಚಳ ತೆಗೆದಳು. ಒಳಗೆ ಕೀಲಿ ಕೊಟ್ಟರೆ ಓಡುವ ಒಂದು ಆಟದ ರೈಲು ಎಂಜಿನ್, ದುಂಡಗೆ ಜೋಡಿಸುವ ಕಂಬಿಗಳು, ಗೇಣುದ್ದದ ಪ್ಯಾಸೆಂಜರ್ ಬೋಗಿಗಳು. ಎಂಜಿನ್ ಗಟ್ಟಿಮುಟ್ಟಾಗಿತ್ತು. ಬೋಗಿಗಳು ಮಾತ್ರ ಯಾರೋ ಮೇಲೆ ಕೂತ ಹಾಗೆ ಅಪ್ಪಚ್ಚಿ.

ಹೆಂಡತಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ತಂಗಿಯ ಕಡೆ ತಿರುಗಿದಳು. "ನಿಮ್ಮಣ್ಣನ್ನ ಯಾವತ್ತೂ ಹಸು ತರೋಕೆ ಮಾತ್ರ ಕಳಿಸ್ಬೇಡ ಕಣಮ್ಮ. ಗಂಟೆ ತಗೊಂಡು ಬರ್ತಾರೆ."

ಮದ್ದೂರು ವಡೆ

ಪಕ್ಕದ ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಗಾರ್ಡ್ ಸಾಹೇಬರಿದ್ದರು. ಮೈಸೂರು, ಬೆಂಗಳೂರು ನಡುವಿನ ಗಾಡಿಯಲ್ಲೇ ಅವರ ತಲೆಗೂದಲು ಬೆಳ್ಳಗಾಗಿತ್ತು. ನಿವೃತ್ತಿ ಆದದ್ದು ಅವರಿಗೆ ಗೊತ್ತಿತ್ತು, ಅವರ ಕೊರಳಿಗೆ ಗೊತ್ತಿರಲಿಲ್ಲ. ಉಪ್ಪು ಬೇಕು ಅಂದರೂ ಪ್ಲಾಟ್‌ಫಾರ್ಮಿನ ಆ ತುದಿಗೆ ಕೇಳುವ ಹಾಗೆ ಹೇಳುತ್ತಿದ್ದರು.

ರೈಲು ಬಂದಿದೆ ಅಂತ ತಿಳಿದು ಕನ್ನಡಕ ಹಾಕಿಕೊಂಡು ತಪಾಸಣೆಗೆ ಬಂದರು. ಒಂದು ಬೋಗಿ ಎತ್ತಿ ಹಿಂದೆ ಮುಂದೆ ತಿರುಗಿಸಿ ಗುಡುಗಿದರು. "ಏನ್ರೀ ಇದು? ಕಿಟಕಿಗೆಲ್ಲ ಗಾಜು ಮೆತ್ತಿದ್ದಾರೆ. ತೆಗೆಯೋಕೇ ಬರಲ್ಲ!"

"ಅವರ ಊರಲ್ಲಿ ಚಳಿ ಜಾಸ್ತಿ ಸಾರ್," ಅಂದೆ.

"ಚಳಿ ಇರಲಿ ಕಣ್ರೀ. ಮದ್ದೂರಲ್ಲಿ ಜನ ವಡೆ ಹೇಗೆ ತಗೋತಾರೆ?"

ತಂಗಿ ಎದ್ದು ಹೋಗಿ ಗರಗಸದ ಮುರುಕು ತಂದಳು, ತುದಿಗೆ ಬಟ್ಟೆ ಸುತ್ತಿ ಹಿಡಿದಳು, ಕಿಟಕಿ ಕೊಯ್ಯಲು ಕೂತಳು. ಅವತ್ತೇ ತೀರ್ಮಾನವಾಯಿತು. ಈ ಸೀಮೆ ಬೋಗಿಗಳನ್ನು ಬಿಚ್ಚಿ, ಕೊಯ್ದು, ಉದ್ದ ಮಾಡಿ, ಮರದ ಹಲಗೆ ಹೊದಿಸಿ, ಪ್ಲಾಸ್ಟಿಕ್ಕಿನ ಛಾವಣಿ ಕೂರಿಸಿ, ನಮ್ಮ ಮೈಸೂರು ಪ್ಯಾಸೆಂಜರ್ ಮಾಡುವುದು. ನಕ್ಷೆ ನನ್ನದು, ಕೈ ತಂಗಿಯದು, ಕಾನೂನು ಗಾರ್ಡ್ ಸಾಹೇಬರದು.

ಮೊದಲ ಕಿಟಕಿ ತೆರೆದಾಗ ಸಾಹೇಬರು ಅದರೊಳಗೆ ಕಿರುಬೆರಳು ತೂರಿಸಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಯೋಚಿಸಿದರು.

"ವಡೆ ಬರುತ್ತೆ. ಚಟ್ನಿ ಬರಲ್ಲ. ಇನ್ನೊಂಚೂರು ಕೊಯ್ಯಮ್ಮ."

ಬೆಂಕಿಪೊಟ್ಟಣ

ಬೋಗಿಯ ಹೊರಮೈಗೆ ತೆಳ್ಳನೆಯ ಮರದ ಪಟ್ಟಿ ಬೇಕಿತ್ತು. ಆಗ ಬೆಂಕಿಪೊಟ್ಟಣಗಳನ್ನು ಮರದ ಸಿಪ್ಪೆಯಲ್ಲೇ ಮಾಡುತ್ತಿದ್ದರು. ಕಾಗದ ನೆನೆಸಿ ಸುಲಿದರೆ ಒಳಗೆ ಚೊಕ್ಕವಾದ ಹಲಗೆ. ಮನೆಯ ಪೊಟ್ಟಣಗಳೆಲ್ಲ ಮೊದಲ ವಾರದಲ್ಲೇ ಬೋಗಿ ಸೇರಿದವು. ಕಡ್ಡಿಗಳನ್ನು ಹೆಂಡತಿ ಸಾಸಿವೆ ಡಬ್ಬಕ್ಕೆ ಸುರಿದಳು. ಒಂದು ಸಲ ಒಗ್ಗರಣೆಗೆ ಸಾಸಿವೆ ಬದಲು ಇನ್ನೇನು ಕಡ್ಡಿ ಬೀಳಬೇಕು, ಅಷ್ಟರಲ್ಲಿ ಕೈ ಹಿಡಿದೆ. ಆಮೇಲೆ ನಾನು ಕಚೇರಿಯಲ್ಲಿ ಬೀಡಿ ಸಿಗರೇಟು ಸೇದುವವರ ಹಿಂದೆ ಬಿದ್ದೆ. ಅವರು ಪೊಟ್ಟಣ ಬಿಸಾಡುವ ಮೊದಲೇ ಕೈ ಚಾಚುತ್ತಿದ್ದೆ. ನನ್ನ ಡ್ರಾಯರು ತುಂಬಿತು.

ಒಂದು ದಿನ ನಮ್ಮ ಸೂಪರಿಂಟೆಂಡೆಂಟರು ಯಾವುದೋ ಸ್ಕೇಲು ಹುಡುಕುತ್ತಾ ಆ ಡ್ರಾಯರು ಎಳೆದರು. ಪೊಟ್ಟಣಗಳು ನೆಲಕ್ಕೆ ಉಕ್ಕಿ ಬಿದ್ದವು. ಅವರು ಬಾಗಿಲು ಮುಂದಕ್ಕೆ ಎಳೆದು, ಮನೆಯ ಹಿರಿಯರ ಹಾಗೆ ಮೆತ್ತಗೆ ಕೇಳಿದರು. "ಯಾವಾಗಿಂದ್ರೀ ಇದು?"

"ಮೂರು ವಾರ ಆಯ್ತು ಸಾರ್."

"ಮೂರೇ ವಾರದಲ್ಲಿ ಇಷ್ಟು ಸೇದಿದ್ದೀರಾ! ಎದೆ ಏನಾಗ್ಬೇಕು? ಮನೇಲಿ ಗೊತ್ತಾ?"

"ಅಯ್ಯೋ, ನಾನು ಸೇದಲ್ಲ ಸಾರ್. ರೈಲು ಬೋಗಿಗೆ ಹಲಗೆ ಹೊಡೀತಿದ್ದೀವಿ. ನಾನು, ತಂಗಿ, ಪಕ್ಕದ್ಮನೆ ಗಾರ್ಡ್ ಸಾಹೇಬ್ರು. ಮದ್ದೂರಲ್ಲಿ ವಡೆ ತಗೊಳ್ಳೋ ಥರ ಕಿಟಕಿ ಇಟ್ಟಿದ್ದೀವಿ ಸಾರ್."

ಅವರು ನನ್ನ ಭುಜ ತಟ್ಟಿ, ನಿಟ್ಟುಸಿರು ಬಿಟ್ಟು ಹೊರಟರು.

"ಸೇದಿದ್ರೇ ವಾಸಿಯಾಗಿತ್ತು ಕಣ್ರೀ."

ಸೋಪಿನ ಡಬ್ಬ

ಮರದ ಕಥೆ ಹೀಗಾದರೆ ಪ್ಲಾಸ್ಟಿಕ್ಕಿನದು ಇನ್ನೊಂದು. ಆ ದಿನಗಳಲ್ಲಿ ಪ್ಲಾಸ್ಟಿಕ್ ಹಾಳೆ ಕೊಡಿ ಅಂದರೆ ಮೈಸೂರಿನ ಅಂಗಡಿಯವರು ಮಳೆಗೆ ಹೊದೆಯುವುದನ್ನು ತೋರಿಸುತ್ತಿದ್ದರು. ನಮಗೆ ಬೇಕಾದದ್ದು ಗಟ್ಟಿಯಾಗಿ, ತೆಳ್ಳಗೆ, ಚಾಕುವಿನಲ್ಲಿ ಗೀರಿದರೆ ಗೆರೆಯ ಗುಂಟ ಪಟ್ಟನೆ ಮುರಿಯುವಂಥದ್ದು. ಅಂಥದ್ದು ಇದ್ದದ್ದು ಒಂದೇ ಕಡೆ, ಸೋಪಿನ ಡಬ್ಬದಲ್ಲಿ. ಬಣ್ಣದಂಗಡಿಯ ತಿನ್ನರಿನಲ್ಲಿ ಅದರ ಚೂರುಗಳನ್ನೇ ಕರಗಿಸಿದರೆ ಅಂಟೂ ಆಗುತ್ತಿತ್ತು. ಮನೆಯ ಡಬ್ಬಗಳು ಒಂದೊಂದಾಗಿ ಬಚ್ಚಲಿನಿಂದ ನಡುಮನೆಗೆ ವರ್ಗವಾದವು. ನಾವೆಲ್ಲ ಸೋಪನ್ನು ತೆಂಗಿನ ಚಿಪ್ಪಿನಲ್ಲಿಟ್ಟು ಸ್ನಾನ ಮಾಡತೊಡಗಿದೆವು.

ಅದೂ ಮುಗಿದ ಮೇಲೆ ನಾನು ದೇವರಾಜ ಮಾರ್ಕೆಟ್ಟಿನ ಒಂದು ಅಂಗಡಿ ಗೊತ್ತು ಮಾಡಿಕೊಂಡೆ. ವಾರಕ್ಕೊಂದು ಸಲ ಹೋಗಿ ಡಬ್ಬಗಳನ್ನು ಕಿವಿಯ ಹತ್ತಿರ ಹಿಡಿದು ಉಗುರಲ್ಲಿ ಬಡಿದು, ಬೆಳಕಿಗೆ ಹಿಡಿದು, ಚಪ್ಪಟೆಯಾದದ್ದನ್ನು ಆರಿಸಿ ತರುತ್ತಿದ್ದೆ. ಅಂಗಡಿಯವನು ಪ್ರತಿ ಸಲವೂ "ಸೋಪು ಯಾವ್ದು ಕೊಡ್ಲಿ ಸ್ವಾಮಿ?" ಅನ್ನುತ್ತಿದ್ದ. ನಾನು ಪ್ರತಿ ಸಲವೂ "ಸೋಪು ಬೇಡಪ್ಪ" ಅಂತ ಬರುತ್ತಿದ್ದೆ.

ಒಂದು ಸಂಜೆ ಹೆಂಡತಿ ಮಾರ್ಕೆಟ್ಟಿನಿಂದ ಬಂದವಳೇ ಚೀಲ ಕೆಳಗೆ ಹಾಕಿ, ಗೋಡೆಗೊರಗಿ ಕೂತುಬಿಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ.

"ಏನಾಯ್ತೇ?"

"ಇನ್ಮೇಲೆ ನಾನು ಆ ಮಾರ್ಕೆಟ್ಟಿಗೆ ಹೋಗಲ್ಲ. ಮಲ್ಲಿಗೆ ತಗೊಳ್ತಾ ನಿಮ್ಮ ಡಬ್ಬದ ಅಂಗಡಿ ಮುಂದೆ ನಿಂತಿದ್ದೆ. ನಿಮ್ಮ ಹೆಂಡ್ತಿ ಅಂತ ಅವನಿಗೆ ಹೂವಿನವಳು ಹೇಳಿರಬೇಕು. ಅಷ್ಟು ಜನರ ಮುಂದೆ ನನ್ನ ಕೈಗೆ ಒಂದು ಸೋಪು ಇಟ್ಟ ಕಣ್ರೀ!"

"ಯಾಕಂತೆ?"

"'ಯಜಮಾನ್ರು ಬರೀ ಡಬ್ಬ ತಗೊಂಡೋಯ್ತಾರೆ ಕಣಮ್ಮ, ಸೋಪು ಅಂದ್ರೆ ಬೇಡ ಅಂತಾರೆ. ಕಾಸು ಬೇಡ, ಇದನ್ನ ಇಟ್ಕೊಳ್ಳಿ. ಮಲಗಿರೋವಾಗ್ಲಾದ್ರೂ ಒಂದ್ಸಲ ಉಜ್ಜಿಬುಡಿ' ಅಂದ."

ಇಡ್ಲಿ ಪಾತ್ರೆ

ಛಾವಣಿ ಬಾಗಿರಬೇಕು. ಸೋಪಿನ ಡಬ್ಬದ ಪ್ಲಾಸ್ಟಿಕ್ ಬಾಗಿಸಿದರೆ ಮುರಿಯುತ್ತದೆ. ಹಬೆಯಲ್ಲಿ ಮೆತ್ತಗೆ ಮಾಡಿ ಬಾಗಿಸಬಹುದು ಅಂತ ತಂಗಿಗೆ ಹೊಳೆಯಿತು. ಅತ್ತಿಗೆ ಮನೆಯಲ್ಲಿಲ್ಲದ ಮಧ್ಯಾಹ್ನ ಛಾವಣಿ, ಸಣ್ಣಪುಟ್ಟ ತುಣುಕುಗಳ ಸಮೇತ ಇಡ್ಲಿ ಪಾತ್ರೆ ಒಲೆಗೇರಿತು. ಛಾವಣಿಗಳು ಚೆನ್ನಾಗಿ ಬೆಂದವು, ಆದರೆ ಇಡ್ಲಿ ತಟ್ಟೆಯ ಗುಳಿಗಳ ಮೇಲೆ ಮಲಗಿ ಮೂರು ಮೂರು ಗುಂಡಿ ಬಿದ್ದವು. ಎರಡನೆಯ ಸಲ ಒನಕೆ ತುಂಡಿನ ಮೇಲೆ ಬಟ್ಟೆ ಸುತ್ತಿ ಬಾಗಿಸಿ, ಅಂತೂ ಸರಿಮಾಡಿದಳು. ಪಾತ್ರೆ ತೊಳೆದು ಇದ್ದಲ್ಲೇ ಇಟ್ಟಳು.

ಮಾರನೆಯ ಬೆಳಗ್ಗೆ ನಮ್ಮ ಮನೆಯಲ್ಲಿ ಇಡ್ಲಿ. ಗಾರ್ಡ್ ಸಾಹೇಬರನ್ನೂ ತಿಂಡಿಗೆ ಕರೆದಿದ್ದೆವು. ಅವರು ಎರಡನೇ ಇಡ್ಲಿಗೆ ಕೈ ಹಾಕಿ, ಬಾಯಿಗಿಟ್ಟು, ತಟ್ಟನೆ ನಿಲ್ಲಿಸಿದರು. ನಾಲಿಗೆಯ ತುದಿಯಿಂದ ಏನನ್ನೋ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಹೆಂಡತಿ ಓಡಿ ಬಂದಳು. "ಕಲ್ಲಾ ಸಾರ್? ಅಕ್ಕಿ ಆರಿಸೇ ನೆನೆ ಹಾಕಿದ್ದೆ..."

ಸಾಹೇಬರು ಜೇಬಿನಿಂದ ಕನ್ನಡಕ ತೆಗೆದು, ಹಾಕಿಕೊಂಡು, ಬೆಳಕಿನ ಕಡೆ ತಿರುಗಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿನ ಬದಲು ದೊಡ್ಡ ಸಮಾಧಾನ ಕಾಣಿಸಿತು.

"ಕಲ್ಲಲ್ಲಮ್ಮ. ನಿನ್ನೆಯಿಂದ ಹುಡುಕ್ತಿದ್ವಲ್ಲ, ಥರ್ಡ್ ಕ್ಲಾಸಿನ ಮೆಟ್ಟಿಲು. ಇನ್ನೊಂದು ಬಾಗಿಲ ಚಿಲಕಾನೂ ಸಿಕ್ಕಿಲ್ಲ. ಎಲ್ಲರೂ ನಿಧಾನವಾಗಿ ಅಗೀರಿ."

ವಿಷಲ್

ಬೋಗಿಗಳಿಗೆ ಗಾಲಿ ಕೂರಿಸಿ ಮೊದಲ ಸಲ ಓಡಿಸುವ ದಿನ ಸಾಹೇಬರು ಕೋಟು ಹಾಕಿಕೊಂಡೇ ಬಂದರು. ಕೈಯಲ್ಲಿ ಹಳೆಯ ವಿಷಲ್. ನಾನು ಕೀಲಿ ತಿರುಗಿಸಿ ಬಿಡಲು ಹೋದೆ. "ರೂಲ್ಸಿದೆ ಕಣ್ರೀ!" ಅಂತ ತಡೆದರು. ನಡುಮನೆಯ ಕಿಟಕಿಗೆ ಬೆನ್ನು ಮಾಡಿ ನಿಂತು, ಎದೆ ತುಂಬ ಉಸಿರೆಳೆದು, ಒಂದೇ ಸಮನೆ ಊದಿದರು. ಬೋಗಿಗಳು ಇನ್ನೂ ಕದಲಿರಲಿಲ್ಲ. ಬೀದಿಯಲ್ಲಿ ಮಾತ್ರ ಏನೋ ಗಕ್ಕನೆ ನಿಂತ ಸದ್ದಾಯಿತು.

ಇಣುಕಿ ನೋಡಿದರೆ ಒಂದು ಜಟಕಾ. ಅದರೊಳಗೆ ಜನ, ಮೂಟೆ, ಕೋಳಿಬುಟ್ಟಿ, ಹಿಂದೆ ಜೋತು ಬಿದ್ದವರು ಬೇರೆ. ಕುದುರೆ ಮಾತ್ರ ಹೊರಗಿತ್ತು. ಜಟಕಾದವನು ಇಳಿದು ಓಡಿ ಬಂದು, ಕಿಟಕಿಯೊಳಗೆ ಸಾಹೇಬರ ಕೋಟು ಕಂಡವನೇ ಕೈ ಮುಗಿದ.

"ತಪ್ಪಾಯ್ತು ಬುದ್ಧಿ! ಎಲ್ಲಾ ಒಂದೇ ಮನೆಯವ್ರು, ಮದ್ವೆಗೆ ಒಂಟವ್ರೆ. ಇದೊಂದ್ಸಲ ಬುಟ್ಬುಡಿ ಬುದ್ಧಿ!"

ನಾನು "ಇವರು ಪೊಲೀಸಲ್ಲಪ್ಪ" ಅನ್ನಲು ಬಾಯಿ ತೆರೆದೆ. ಸಾಹೇಬರು ನನ್ನನ್ನು ಕಣ್ಣಲ್ಲೇ ಸುಮ್ಮನಿರಿಸಿದರು. ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಎಷ್ಟೋ ವರ್ಷಗಳಿಂದ ಯಾರೂ ಅವರ ಅಪ್ಪಣೆ ಕೇಳಿರಲಿಲ್ಲ. ಕೈ ಎತ್ತಿ ನಿಧಾನವಾಗಿ ಬೀಸಿದರು.

"ಲೈನ್ ಕ್ಲಿಯರ್ ಇದೆ. ಹೊರಡು."

ಹೆಂಗಸರ ಡಬ್ಬಿ

ರೈಲು ಓಡತೊಡಗಿದ ಮೇಲೆ ಹೆಂಡತಿಯೂ ಮನಸ್ಸು ಬದಲಾಯಿಸಿದಳು. ಖಾಲಿ ಗಾಡಿ ಓಡುವುದನ್ನು ನೋಡಿ ಅವಳಿಗೆ ಕರುಳು ಚುರುಕ್ ಅಂತಂತೆ. ಅಕ್ಕಿಹಿಟ್ಟಿಗೆ ಬೆಲ್ಲದ ಪಾಕ ಹಾಕಿ ಗಟ್ಟಿಯಾಗಿ ಕಲಸಿ, ಬೆರಳುಗುರಿನಷ್ಟು ದೊಡ್ಡ ಪ್ರಯಾಣಿಕರನ್ನು ಮಾಡಿದಳು. ಹೆಂಗಸರ ಡಬ್ಬಿಗೆ ವಿಶೇಷ ಮುತುವರ್ಜಿ. ಒಬ್ಬಳಿಗೆ ಕುಂಕುಮದ ಸೀರೆ, ಒಬ್ಬಳಿಗೆ ಅರಿಸಿನದ್ದು, ಅಜ್ಜಿಯೊಬ್ಬಳಿಗೆ ಸಾಸಿವೆ ಕಾಳಿನ ಮೂಗುಬಟ್ಟು.

ಬೆಳಗ್ಗೆ ಎದ್ದು ನೋಡಿದರೆ ಕಂಬಿಯ ಉದ್ದಕ್ಕೂ ಕರಿ ಇರುವೆಯ ಸಾಲು. ಸಾಲು ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನುಗ್ಗಿ, ಆ ಕಡೆಯ ಕಿಟಕಿಯಿಂದ ಇಳಿದು ಹೋಗುತ್ತಿತ್ತು. ಕುಂಕುಮದ ಸೀರೆಯವಳಿಗೆ ಸೊಂಟದ ಮೇಲೇನೂ ಉಳಿದಿರಲಿಲ್ಲ. ಅಜ್ಜಿಯ ಮೂಗುಬಟ್ಟು ಮಾತ್ರ ಸೀಟಿನ ಮೇಲಿತ್ತು.

ಗಾರ್ಡ್ ಸಾಹೇಬರು ಬಗ್ಗಿ ನೋಡಿ, ಟೋಪಿ ತೆಗೆದು ನಿಂತರು. "ನನ್ನ ಗಾಡೀಲಿ ಜನ ಟಿಕೆಟ್ ಕಳ್ಕೊಂಡಿದ್ದಾರೆ, ಟ್ರಂಕು ಕಳ್ಕೊಂಡಿದ್ದಾರೆ, ಒಬ್ಬ ಹೆಂಡ್ತೀನೇ ಕಳ್ಕೊಂಡಿದ್ದ. ತಲೆ ಕಳ್ಕೊಂಡಿದ್ದು ಇದೇ ಮೊದಲು."

ಹೆಣ್ಣು ನೋಡಲು ಬಂದದ್ದು

ಆ ವರ್ಷದ ನವರಾತ್ರಿಗೆ ಹೆಂಡತಿ ನಡುಮನೆಯಲ್ಲಿ ಬೊಂಬೆ ಕೂರಿಸಿದಳು. ಪಟ್ಟದ ರಾಜ ರಾಣಿ ಮೇಲೆ, ಮಿಕ್ಕ ಬೊಂಬೆಗಳು ಕೆಳಗಿನ ಮೆಟ್ಟಿಲುಗಳಲ್ಲಿ, ಸುತ್ತ ರೈಲು. ಕಂಬಿ ಬೊಂಬೆಗಳನ್ನು ಬಳಸಿಕೊಂಡು, ಗೋಡೆಯ ಪಕ್ಕ ಹಾಸಿದ್ದ ಚಾಪೆಯ ಹಿಂದಿನಿಂದ ಹೋಗಿ, ಮತ್ತೆ ಬೊಂಬೆಗಳ ಕಡೆ ತಿರುಗುತ್ತಿತ್ತು. ಅದೇ ಹಬ್ಬದ ನಡುವೆ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತೇವೆ ಅಂದರು.

ಮುಂಚೆ ಬಂದಿದ್ದವರೆಲ್ಲ ತಂಗಿಯನ್ನು ಒಪ್ಪದೆ ಹೋಗಿದ್ದರು. ರೂಪಕ್ಕೆ ಕೊರತೆ ಇಲ್ಲ, ಓದಿಗೂ ಇಲ್ಲ. ಆದರೆ ಇದ್ದದ್ದನ್ನು ಇದ್ದ ಹಾಗೇ ಹೇಳುವುದು ಅವಳ ಸ್ವಭಾವ. ಹಾಡು ಬರುತ್ತಾ ಅಂದರೆ "ಇಲ್ಲ" ಅನ್ನುತ್ತಿದ್ದಳು. ಹೇಳಿಕೊಟ್ಟರೆ ಕಲೀತೀಯಾ ಅಂದರೆ "ಗೊತ್ತಿಲ್ಲ" ಅನ್ನುತ್ತಿದ್ದಳು. ಈ ಸಲದ ಹುಡುಗ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಮನೆತನ ಒಳ್ಳೆಯದು. ಇದೂ ತಪ್ಪಿದರೆ ಊರಿನವರಿಗೆ ಏನು ಮುಖ ತೋರಿಸಲಿ ಅಂತ ನನಗೆ ರಾತ್ರಿ ನಿದ್ದೆಯಿಲ್ಲ.

ಹೆಂಡತಿ ಬೆಳಗ್ಗೆಯೇ ತಾಕೀತು ಮಾಡಿದಳು. "ನೋಡು ಕಣಮ್ಮ, ಇವತ್ತೊಂದಿನ ಗರಗಸದ ಮಾತೆತ್ತಬೇಡ. ಕೈಬೆರಳ ಮೇಲೆ ಸೆರಗು ಹೊದ್ದುಕೊಂಡಿರು."

ಅವರು ಬಂದರು. ಹುಡುಗ ಬಾಗಿಲಿನಿಂದಲೇ ನೆಲ ನೋಡುತ್ತಾ ಬಂದ. ಅವನ ತಂದೆ ಹುಣಸೂರಿನ ಕಡೆಯ ಹಳ್ಳಿಯ ಯಜಮಾನರು. ಗಿರಿಜಾ ಮೀಸೆ, ತಲೆಗೆ ಜರಿಯಂಚಿನ ರುಮಾಲು. ಆ ರುಮಾಲನ್ನು ನೋಡಿದರೇ ನಾಲ್ಕು ಊರಿನ ಪಂಚಾಯಿತಿ ಮುಗಿಯುವ ಹಾಗಿತ್ತು. ಚಾಪೆಯ ಮೇಲೆ ಕೂತು, ಸೆಕೆ ಅಂತ ಅದನ್ನು ತೆಗೆದು ಮೆಲ್ಲಗೆ ಪಕ್ಕದಲ್ಲಿಟ್ಟುಕೊಂಡರು. ತಂಗಿ ಕಾಫಿ ತಂದಳು. ಲೋಟ ಕೊಡುವಾಗ ಸೆರಗು ಜಾರಿತು.

"ಬೆರಳೆಲ್ಲ ಗಾಯ ಆಗ್ಬುಟ್ಟದಲ್ಲ, ಏನಾಯ್ತವ್ವ?" ಅಂದರು ಯಜಮಾನರು.

"ತರಕಾರಿ ಹೆಚ್ಚುವಾಗ..." ಅಂತ ಹೆಂಡತಿ ಮುಂದೆ ಬಂದಳು.

"ಇಲ್ಲ, ಬೋಗಿ ಕೊಯ್ಯುವಾಗ," ಅಂದಳು ತಂಗಿ.

ನಾನು ಕಣ್ಣು ಮುಚ್ಚಿದೆ. ಹುಡುಗ ಬಂದಾಗಿನಿಂದ ಮೊದಲ ಸಲ ತಲೆ ಎತ್ತಿದ. "ಯಾವ ಬೋಗಿ?"

ತಂಗಿ ಹೋಗಿ ಎಂಜಿನ್ನಿಗೆ ಪೂರ್ತಿ ಕೀಲಿ ತಿರುಗಿಸಿ ಬಿಟ್ಟಳು. ಗಾಡಿ ಗರಗರ ಅಂತ ಹೊರಟಿತು. ಹುಡುಗ ಚಾಪೆ ಬಿಟ್ಟು ಎದ್ದ. "ಹಲಗೆ ಮರದ್ದಾ?" ಅಂದ. "ಬೆಂಕಿಪೊಟ್ಟಣದ್ದು." "ಛಾವಣಿ?" "ಸೋಪಿನ ಡಬ್ಬ. ಹಬೆಯಲ್ಲಿ ಬಾಗಿಸಿದ್ದು." "ಎಷ್ಟು ಹೊತ್ತು ಹಬೆ?" "ಇಡ್ಲಿಗಿಂತ ಸ್ವಲ್ಪ ಕಮ್ಮಿ."

ಯಜಮಾನರಿಗೆ ಇದು ಹಿಡಿಸಲಿಲ್ಲ. ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. "ನೋಡಿ, ನಮ್ದು ಮರ್ವಾದಸ್ತ ಮನೆತನ. ನಮ್ಮ ತಾತನ ಕಾಲದಿಂದ್ಲೂ ಈ ರುಮಾಲಿಗೆ ಒಂದು ಬೆಲೆ ಅದೆ. ಯಾವ ಸಭೇಲೂ ಇದು ಕೆಳಗಾಗಿಲ್ಲ..."

ಕೊನೆಯ ಬೋಗಿಯ ಹಿಂದೆ ತಂಗಿ ತನ್ನ ಹೇರ್‌ಪಿನ್ ಬಗ್ಗಿಸಿ ಒಂದು ಕೊಕ್ಕೆ ಮಾಡಿದ್ದಳು, ಮುಂದೆ ಇನ್ನೊಂದು ಬೋಗಿ ಸೇರಿಸಬೇಕಾದರೆ ಇರಲಿ ಅಂತ. ಗಾಡಿ ಚಾಪೆಯ ಹಿಂದೆ ಹಾದು ಹೋಗುವಾಗ ಆ ಕೊಕ್ಕೆ ರುಮಾಲಿನ ಜರಿಯಂಚಿಗೆ ಸಿಕ್ಕಿಕೊಂಡಿತು. ಎಂಜಿನ್ ಒಂದು ಗಳಿಗೆ ಮುಗ್ಗರಿಸಿತು, ಆಮೇಲೆ ಸಾವರಿಸಿಕೊಂಡು ಎಳೆಯಿತು. ಯಜಮಾನರು ಮನೆತನದ ಮರ್ಯಾದೆ ವಿವರಿಸುತ್ತಿದ್ದರು. ಮರ್ಯಾದೆ ಅವರ ಬೆನ್ನ ಹಿಂದೆ ಸುರುಳಿ ಬಿಚ್ಚಿಕೊಂಡು ಹೊರಟಿತ್ತು.

ನಾನು ನೋಡಿದೆ. ಹೆಂಡತಿ ನೋಡಿದಳು. ಏನಂತ ಹೇಳುವುದು? "ಸ್ವಾಮಿ, ನಿಮ್ಮ ರುಮಾಲು ರೈಲಿಗೆ ಹೋಯಿತು" ಅಂತಲೇ? ಮನೆಯ ಹಿರಿಯರಾಗಿರಲಿ ಅಂತ ಕರೆಸಿಕೊಂಡಿದ್ದ ಗಾರ್ಡ್ ಸಾಹೇಬರ ಕಡೆ ನೋಡಿದೆ. ಅವರು ನನ್ನ ಕಿವಿಗೆ ಬಗ್ಗಿ, "ತಡೀಬೇಡಿ, ರೈಟ್ ಟೈಮಲ್ಲಿ ಓಡ್ತಿದೆ" ಅಂದರು.

ಗಾಡಿ ಬೊಂಬೆಗಳನ್ನು ಒಂದು ಸುತ್ತು ಹಾಕಿತು. ರುಮಾಲು ಕೆಳಗಿನ ಮೆಟ್ಟಿಲಿನ ದಿನಸಿ ಅಂಗಡಿ ಶೆಟ್ಟಿಯನ್ನೂ ಶೆಟ್ಟಿತಿಯನ್ನೂ ಸೇರಿಸಿ ಕಟ್ಟಿತು. ಎರಡನೇ ಸುತ್ತಿಗೆ ಮಣ್ಣಿನ ಆನೆ, ಬಾಳೆಹಣ್ಣಿನ ತಟ್ಟೆ ಸಿಕ್ಕಿಬಿದ್ದವು. ಯಜಮಾನರು "ಅದಕ್ಕೇ ನಾನು ಏಳೋದು, ಈ ರುಮಾಲು..." ಅನ್ನುತ್ತಾ ಪಕ್ಕಕ್ಕೆ ಕೈ ಹಾಕಿದರು. ಚಾಪೆ ಸಿಕ್ಕಿತು. ಇನ್ನೊಂದು ಪಕ್ಕ ತಡಕಿದರು. ಕೊನೆಗೆ ಬೊಂಬೆಗಳ ಕಡೆ ನೋಡಿದರು. ಅಲ್ಲಿ ಅವರ ತಾತನ ಕಾಲದ ಬೆಲೆ ಶೆಟ್ಟಿಯ ಕೊರಳು ಬಳಸಿ, ಆನೆಯ ಸೊಂಡಿಲಿಗೆ ತೊಡರಿ ಬಿಗಿಯಾಗಿ ನಿಂತಿತ್ತು. ಅದರ ತುದಿಯಲ್ಲಿ ನಮ್ಮ ಗಾಡಿ ಗಾಲಿ ತಿರುಗಿಸುತ್ತಾ ಏದುಸಿರು ಬಿಡುತ್ತಿತ್ತು.

ನಾನು ಕೈ ಮುಗಿದೆ. ತಂಗಿಯ ಕಣ್ಣಲ್ಲಿ ನೀರು ತುಂಬಿತ್ತು. "ಕೊಕ್ಕೆ ನಾನೇ ಮಾಡಿದ್ದು. ಹೀಗಾಗುತ್ತೆ ಅಂದ್ಕೊಂಡಿರ್ಲಿಲ್ಲ," ಅಂದಳು.

ಅಷ್ಟರಲ್ಲಿ ನೆಲದಿಂದ ಒಂದು ದನಿ ಬಂತು. ಹುಡುಗ ಹೊಸ ಪಂಚೆಯಲ್ಲೇ ಬೋರಲು ಮಲಗಿ, ಕೆನ್ನೆ ನೆಲಕ್ಕೆ ತಾಗಿಸಿ, ಕೊನೆಯ ಬೋಗಿಯ ಹಿಂಭಾಗವನ್ನೇ ನೋಡುತ್ತಿದ್ದ. "ಅಪ್ಪಾ, ಇಷ್ಟೆಲ್ಲ ಎಳೆದ್ರೂ ಕೊಕ್ಕೆ ಬಿಚ್ಚಿಲ್ಲ ನೋಡಿ! ಅಂಟು ಎಷ್ಟು ಗಟ್ಟಿ ಹಿಡಿದಿದೆ!"

ಯಜಮಾನರು ನೆಲದ ಮೇಲಿದ್ದ ಮಗನನ್ನು ನೋಡಿದರು, ಕಣ್ಣೊರೆಸಿಕೊಳ್ಳುತ್ತಿದ್ದ ತಂಗಿಯನ್ನು ನೋಡಿದರು, ಆನೆಯನ್ನು ನೋಡಿದರು. ಮೀಸೆಯ ತುದಿ ಮೊದಲು ಅದುರಿತು. ಆಮೇಲೆ ಹೊಟ್ಟೆ ಕುಲುಕಿತು. ಕೊನೆಗೆ ಗೋಡೆಗೊರಗಿ ಬಿದ್ದು ಬಿದ್ದು ನಕ್ಕು, ಬೋಳುತಲೆ ಸವರಿಕೊಂಡು ಹೇಳಿದರು:

"ಮಗ ಆಗ್ಲೇ ನಿಮ್ಮನೆ ನೆಲ ಕಚ್ಚವ್ನೆ. ರುಮಾಲು ನಿಮ್ಮ ಗಾಡಿ ಹತ್ಬುಟ್ಟದೆ. ಇನ್ನು ನಾನೊಬ್ಬ ಒಪ್ಪಿಲ್ಲ ಅಂದ್ರೆ ಬರೀ ತಲೇಲಿ ಒಬ್ನೇ ಬಸ್ಸಿಗೋಗ್ಬೇಕಾಯ್ತದೆ. ಲಗ್ನ ಇಟ್ಕಳಿ ಅತ್ಲಾಗೆ!"